ರ‍್ಯಾಮ್ ಮೇಲೆ 3200, ಪರದೆಯ ಮೇಲೆ 2400: ಎಲ್ಲಿ ಹೋಯಿತು ಮಿಕ್ಕ ವೇಗ?

ಪ್ರಶ್ನೆ: ಸರ್, ನಾನು ವಿಜಯನಗರದಲ್ಲಿ ಮನೆಯಿಂದಲೇ ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. 2021ರ ಕೊನೆಯಲ್ಲಿ ನಮ್ಮಣ್ಣ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಟ್ಟ. ರೈಜನ್ 5 5600ಜಿ ಪ್ರೊಸೆಸರ್, ಬಿ450 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆಗ ವೇಗ 3200 ತೋರಿಸುತ್ತಿತ್ತು ಅನ್ನುತ್ತಾನೆ ಅಣ್ಣ. ಹೋದ ತಿಂಗಳು ಇನ್ನೆರಡು 8 ಜಿಬಿ ಹಾಕಿಸಿದೆ. ಕಂಪನಿ ಬೇರೆ, ಆದರೆ ಲೇಬಲ್ ಮೇಲೆ ಅದೇ 3200 ಇದೆ. ಈಗ ಟಾಸ್ಕ್ ಮ್ಯಾನೇಜರ್‌ನಲ್ಲಿ 2400 ಬರುತ್ತಿದೆ. ಸಿಪಿಯು-ಜೆಡ್ ಎಂಬ ತಂತ್ರಾಂಶ ಹಾಕಿ ನೋಡಿದರೆ ಬರೀ 1200! ಅಂಗಡಿಯವರು ಹಳೇ ಮಾಲಿಗೆ ಹೊಸ ಲೇಬಲ್ ಅಂಟಿಸಿ ಕೊಟ್ಟರಾ? ಹೋಗಿ ಜಗಳ ಮಾಡಬೇಕಾ? ಇನ್ನೊಂದು ವಿಷಯ, ಇದಕ್ಕೆ ಸಂಬಂಧವಿಲ್ಲವೇನೋ: ಬೆಳಿಗ್ಗೆ ಆನ್ ಮಾಡಿದಾಗ ಗಡಿಯಾರ ತಪ್ಪು ತೋರಿಸುತ್ತೆ. ಒಮ್ಮೊಮ್ಮೆ ಕಪ್ಪು ಪರದೆ ಬಂದು ಎಫ್1 ಒತ್ತಿ ಅನ್ನುತ್ತೆ, ಒತ್ತಿ ಹೊರಗೆ ಬಂದರೆ ಎಲ್ಲ ಸರಿಹೋಗುತ್ತೆ. ಅಮ್ಮ ರಾತ್ರಿ ಮಲಗುವ ಮುಂಚೆ ಪ್ಲಗ್ಗಿನ ಸ್ವಿಚ್ಚೇ ಆರಿಸಿಬಿಡುತ್ತಾರೆ.

ಉತ್ತರ: ಜಗಳಕ್ಕೆ ಹೋಗಬೇಡಿ. ನೀವು ಬರೆದಿದ್ದರಲ್ಲಿ ಮೋಸದ ಗುರುತು ನನಗೊಂದೂ ಕಾಣಲಿಲ್ಲ. ನೀವು ಸಂಬಂಧವಿಲ್ಲ ಅಂದುಕೊಂಡು ಕೊನೆಯಲ್ಲಿ ಸೇರಿಸಿದ ಗಡಿಯಾರದ ಮಾತಿದೆಯಲ್ಲ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮನ್ನು ಗಾಬರಿಗೊಳಿಸಿದ ಆ 1200ರ ಲೆಕ್ಕ ಮುಗಿಸೋಣ.

ವಿಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗುವ ಬಸ್ಸು ಹೋಗುವಾಗಲೂ ಜನ ತುಂಬಿಕೊಂಡು ಹೋಗುತ್ತದೆ, ಬರುವಾಗಲೂ ತುಂಬಿಕೊಂಡು ಬರುತ್ತದೆ. ಡಿಪೋದವರು ಅದನ್ನು ಒಂದು ಸುತ್ತು ಅನ್ನುತ್ತಾರೆ, ಆದರೆ ಜನ ಸಾಗಿದ್ದು ಎರಡು ಸಲ. ಡಿಡಿಆರ್ ಅಂದರೆ ಡಬಲ್ ಡೇಟಾ ರೇಟ್. ರ‍್ಯಾಮಿನ ಒಂದು ಮಿಡಿತದಲ್ಲಿ ಏರುವಾಗ ಒಂದು ಸಲ, ಇಳಿಯುವಾಗ ಒಂದು ಸಲ ದತ್ತಾಂಶ ಸಾಗುತ್ತದೆ. ಸಿಪಿಯು-ಜೆಡ್ ಮಿಡಿತಗಳನ್ನು ಎಣಿಸಿ 1200 ಮೆಗಾಹರ್ಟ್ಸ್ ಅನ್ನುತ್ತದೆ. ಟಾಸ್ಕ್ ಮ್ಯಾನೇಜರ್ ಸಾಗಾಟಗಳನ್ನು ಎಣಿಸಿ 2400 ಅನ್ನುತ್ತದೆ. ಎರಡೂ ಒಂದೇ ವೇಗ. ವಿಂಡೋಸ್ ಬಹಳ ಕಾಲ ಈ ಸಾಗಾಟದ ಲೆಕ್ಕದ ಮುಂದೆಯೂ ಮೆಗಾಹರ್ಟ್ಸ್ ಎಂದೇ ಬರೆಯುತ್ತಿದ್ದುದರಿಂದ ಗೊಂದಲ ಬೆಳೆಯಿತು. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಸೆಕೆಂಡಿಗೆ ಮೆಗಾಟ್ರಾನ್ಸ್‌ಫರ್ ಎಂದು ತಿದ್ದಿಕೊಂಡಿದ್ದಾರೆ. ಹಾಗಾಗಿ ನಿಮ್ಮ ರ‍್ಯಾಮ್ ಓಡುತ್ತಿರುವುದು 2400ಕ್ಕೆ, ಓಡಬೇಕಾದದ್ದು 3200ಕ್ಕೆ. ಕಳೆದುಹೋಗಿರುವುದು ಕಾಲು ಭಾಗ.

ಈಗ ಲೇಬಲ್ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಗುಟ್ಟು ಇರುವುದು ಇಲ್ಲೇ.

ಪ್ರತಿ ರ‍್ಯಾಮ್ ಸ್ಟಿಕ್ಕಿನ ಮೇಲೆ ದೊಡ್ಡ ಮೆಮೊರಿ ಚಿಪ್‌ಗಳ ನಡುವೆ ಕಾಳಿನಷ್ಟು ಪುಟ್ಟ ಇನ್ನೊಂದು ಚಿಪ್ ಇರುತ್ತದೆ. ಅದರ ಹೆಸರು ಎಸ್‌ಪಿಡಿ. ಅದು ಆ ಸ್ಟಿಕ್ಕಿನ ಜಾತಕ. ಯಾವ ವೇಗಕ್ಕೆ ಎಷ್ಟು ವೋಲ್ಟ್ ಬೇಕು, ಕೇಳಿದ ದತ್ತಾಂಶ ಕೊಡಲು ಎಷ್ಟು ಮಿಡಿತ ಕಾಯಬೇಕು ಎಂಬುದೆಲ್ಲ ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಕಂಪ್ಯೂಟರ್ ಆನ್ ಆದ ತಕ್ಷಣ ಬೋರ್ಡು ಮಾಡುವ ಮೊದಲ ಕೆಲಸಗಳಲ್ಲಿ ಈ ಜಾತಕ ಓದುವುದೂ ಒಂದು. ಅದರಲ್ಲಿ ಎರಡು ಬಗೆಯ ಸಾಲುಗಳಿರುತ್ತವೆ. ಒಂದು ಬಗೆ ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮದ ಪ್ರಕಾರ ಬರೆದದ್ದು. ಡಿಡಿಆರ್4ರ ನಿಯಮಗಳನ್ನು ಆ ಸಂಸ್ಥೆ 2012ರಲ್ಲಿ ಪ್ರಕಟಿಸಿತು; ಅದರಂತೆ ವೋಲ್ಟೇಜ್ 1.2. ಈ ಸಾಲುಗಳನ್ನು ಯಾವ ಬೋರ್ಡಾದರೂ ಯಾರನ್ನೂ ಕೇಳದೆ ಬಳಸಿಕೊಳ್ಳುತ್ತದೆ. ಇನ್ನೊಂದು ಬಗೆ ಎಕ್ಸ್‌ಎಂಪಿ. ಇಂಟೆಲ್ 2007ರಲ್ಲಿ ಡಿಡಿಆರ್3 ಕಾಲದಲ್ಲಿ ತಂದ ಏರ್ಪಾಡು ಇದು. ಮಾನಕಕ್ಕಿಂತ ಚುರುಕಾಗಿ ಓಡಬಲ್ಲ ಚಿಪ್‌ಗಳನ್ನು ಕಂಪನಿಯವರು ಪರೀಕ್ಷಿಸಿ, ಇಷ್ಟು ವೋಲ್ಟ್ ಕೊಟ್ಟರೆ ಇಷ್ಟು ವೇಗಕ್ಕೆ ಓಡುತ್ತದೆ ಎಂದು ಬೇರೆ ಸಾಲೊಂದನ್ನು ಬರೆದಿಡುತ್ತಾರೆ. ಬೋರ್ಡು ಆ ಸಾಲನ್ನು ತಾನಾಗಿ ಮುಟ್ಟುವುದಿಲ್ಲ. ಮನುಷ್ಯರು ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆಗೆ, ಹೋಗಿ ಆನ್ ಮಾಡಬೇಕು.

ಹಾಗಾಗಿ ಮಾರುಕಟ್ಟೆಯಲ್ಲಿ ಎರಡು ಜಾತಿಯ 3200 ಇದೆ. ಒಂದು, ಮಾನಕದ ಪ್ರಕಾರವೇ 3200. ಇದು 1.2 ವೋಲ್ಟ್‌ನಲ್ಲಿ ಓಡುತ್ತದೆ, ಟೈಮಿಂಗ್, ಅಂದರೆ ಕಾಯಬೇಕಾದ ಮಿಡಿತಗಳ ಲೆಕ್ಕ, 22-22-22 ಆಸುಪಾಸು. ಏನೂ ಮಾಡದೆ ಹಾಕಿದರೂ 3200 ತೋರಿಸುತ್ತದೆ. ಇನ್ನೊಂದು, ಎಕ್ಸ್‌ಎಂಪಿ ಆನ್ ಮಾಡಿದರೆ ಮಾತ್ರ 3200. ಸಾಮಾನ್ಯವಾಗಿ 1.35 ವೋಲ್ಟ್, ಟೈಮಿಂಗ್ 16ರಿಂದ ಶುರು. ಎಕ್ಸ್‌ಎಂಪಿ ಆಫ್ ಇದ್ದರೆ ಇದು ತನ್ನ ಮಾನಕದ ಸಾಲಿಗೆ, ಅಂದರೆ 2133, 2400 ಅಥವಾ 2666ಕ್ಕೆ ಇಳಿಯುತ್ತದೆ. ಲೇಬಲ್ ಮೇಲೆ ಎರಡಕ್ಕೂ ಅದೇ 3200. ಈ ವ್ಯತ್ಯಾಸವನ್ನು ಬಿಡಿಸಿ ಹೇಳುವ ಪುರುಸೊತ್ತು ಕೌಂಟರಿನಲ್ಲಿ ಯಾರಿಗೂ ಇರುವುದಿಲ್ಲ. ಎಷ್ಟೋ ಜನ ಹೊಸ ರ‍್ಯಾಮ್ ಹಿಡಿದು ವಾಪಸ್ ಹೋಗುವುದೂ, ಅಂಗಡಿಯವರು ಬೇಸರಪಟ್ಟುಕೊಳ್ಳುವುದೂ ಈ ಒಂದು ಕಾರಣಕ್ಕೇ. ಇಬ್ಬರದೂ ತಪ್ಪಿರುವುದಿಲ್ಲ.

ನಿಮ್ಮ ಸ್ಟಿಕ್ಕುಗಳು ಯಾವ ಜಾತಿಯವು ಎಂದು ನೀವೇ ನೋಡಿಕೊಳ್ಳಬಹುದು. ಸಿಪಿಯು-ಜೆಡ್‌ನಲ್ಲಿ ‘ಎಸ್‌ಪಿಡಿ’ ಎಂಬ ಪುಟವಿದೆ. ಎಡಗಡೆ ಮೇಲೆ ಸ್ಲಾಟ್ 1, 2, 3, 4 ಎಂದು ಆರಿಸಿಕೊಳ್ಳುವ ಪಟ್ಟಿ. ಒಂದೊಂದೇ ಸ್ಲಾಟ್ ಆರಿಸಿ ಕೆಳಗಿನ ಕೋಷ್ಟಕ ನೋಡಿ. ನಿಮ್ಮ ಹಳೆಯ ಜೋಡಿಯಲ್ಲಿ ಜೆಡೆಕ್ ಎಂದು ಒಂದಷ್ಟು ಕಂಬಸಾಲು, ಅವುಗಳಲ್ಲಿ ಅತಿ ಹೆಚ್ಚಿನದು 1200. ಬಲತುದಿಯಲ್ಲಿ ‘ಎಕ್ಸ್‌ಎಂಪಿ-3200’ ಎಂಬ ಇನ್ನೊಂದು ಕಂಬಸಾಲು, ಅದರಡಿ 1600, ವೋಲ್ಟೇಜ್ 1.350 ಎಂದು ಇರುತ್ತದೆ ಎಂಬುದು ನನ್ನ ಊಹೆ. ಹೊಸ ಜೋಡಿಯಲ್ಲಿ ಎಕ್ಸ್‌ಎಂಪಿ ಕಂಬಸಾಲೇ ಇಲ್ಲದೆ ಜೆಡೆಕ್ ಸಾಲಿನಲ್ಲೇ 1600 ಇದ್ದರೂ ಇರಬಹುದು. ಹಾಗಿದ್ದರೆ ಅದು ನಕಲಿ ಅಲ್ಲ, ಒಳ್ಳೆಯ ಸರಳ ಮಾಲು. ನಾಲ್ಕು ಸ್ಟಿಕ್ಕುಗಳೂ ಒಂದೇ ವೇಗಕ್ಕೆ ಓಡಲೇಬೇಕು. ಹಾಗಾಗಿ ಬೋರ್ಡು ನಾಲ್ಕೂ ಜಾತಕ ಮುಂದಿಟ್ಟುಕೊಂಡು, ಎಲ್ಲರಿಗೂ ಒಪ್ಪುವ ಮಾನಕದ ಸಾಲನ್ನು ಹುಡುಕುತ್ತದೆ. ಹಳೆಯವು ಮಾನಕದಲ್ಲಿ 2400 ದಾಟುವುದಿಲ್ಲ, ಹಾಗಾಗಿ ಹೊಸವನ್ನೂ ಅಲ್ಲಿಗೇ ಇಳಿಸುತ್ತದೆ. ನಾಲ್ಕರ ಕೋಷ್ಟಕವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆದರೆ ಅಣ್ಣ 2021ರಲ್ಲಿ 3200 ನೋಡಿದ್ದಾರೆ. ಅಂದರೆ ಅವರು ಆವತ್ತೇ ಎಕ್ಸ್‌ಎಂಪಿ ಆನ್ ಮಾಡಿದ್ದರು. ಅದನ್ನು ಆಫ್ ಮಾಡಿದವರು ಯಾರು? ಈಗ ಗಡಿಯಾರಕ್ಕೆ ಬರೋಣ.

ಮದರ್‌ಬೋರ್ಡಿನ ಮೇಲೆ ಎಂಟಾಣೆ ಬಿಲ್ಲೆಯಂಥ ಬೆಳ್ಳಿ ಬಣ್ಣದ ಸೆಲ್ ಒಂದಿದೆ. ಸಿಆರ್2032 ಅದರ ಹೆಸರು, 3 ವೋಲ್ಟಿನದು. ಕಂಪ್ಯೂಟರಿಗೆ ಕರೆಂಟೇ ಇಲ್ಲದಾಗ ದಿನಾಂಕ, ಸಮಯ ಓಡುತ್ತಿರುವುದು ಇದರ ಬಲದಿಂದ. ನೀವು ವಿಂಡೋಸ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆನ್ ಬಿಟ್ಟಿದ್ದರೆ ಪವರ್ ಸಪ್ಲೈನಿಂದ ಬೋರ್ಡಿಗೆ ಸಣ್ಣಗೆ ಕರೆಂಟ್ ಹರಿಯುತ್ತಲೇ ಇರುತ್ತದೆ, ಸೆಲ್ಲಿನ ಮೇಲೆ ಭಾರ ಬೀಳುವುದಿಲ್ಲ. ಸ್ವಿಚ್ಚೇ ಆರಿಸಿದರೆ ರಾತ್ರಿಯಿಡೀ ಆ ಸೆಲ್ಲೇ ದುಡಿಯಬೇಕು. ನಿಮ್ಮ ಮನೆಯಲ್ಲಿ ನಾಲ್ಕಾರು ವರ್ಷದಿಂದ ಅದು ರಾತ್ರಿಪಾಳಿ ಮಾಡಿದೆ, ಈಗ ಸೋತಿದೆ. ಬೆಳಿಗ್ಗೆ ದಿನಾಂಕ ಹಿಂದಕ್ಕೆ ಹೋಗಿರುತ್ತದೆ; ಇಂಟರ್ನೆಟ್ ಸಿಕ್ಕಿದೊಡನೆ ವಿಂಡೋಸ್ ಅದನ್ನು ತಿದ್ದಿಕೊಳ್ಳುತ್ತದೆ, ಹಾಗಾಗಿ ತಾನೇ ಸರಿಹೋಯಿತು ಅನ್ನಿಸುತ್ತದೆ. ಆ ಕೆಲವು ನಿಮಿಷ ಬ್ರೌಸರಿನಲ್ಲಿ ಬ್ಯಾಂಕಿನ ಪುಟ ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆಯನ್ನೂ ನೀವು ನೋಡಿರಬಹುದು. ಅದಕ್ಕೂ ಕಾರಣ ಇದೇ ತಪ್ಪು ದಿನಾಂಕ.

ಸೆಲ್ ಸತ್ತಿದ್ದು ಗೊತ್ತಾದಾಗ ಅನೇಕ ಬೋರ್ಡುಗಳು ಬಯೋಸ್ ಸೆಟ್ಟಿಂಗ್‌ಗಳನ್ನು ನಂಬುವುದಿಲ್ಲ, ಎಲ್ಲವನ್ನೂ ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ತರುತ್ತವೆ. ಹಾಗೆ ಮಾಡಿದ್ದೇನೆ ಎಂದು ಹೇಳುವುದೇ ಆ ಎಫ್1 ಪರದೆ. ನೀವು ಒತ್ತಿ ಹೊರಬಂದಿದ್ದೀರಿ, ಅಣ್ಣ ಆನ್ ಮಾಡಿದ್ದ ಎಕ್ಸ್‌ಎಂಪಿ ಅಷ್ಟರಲ್ಲಿ ಅಳಿಸಿಹೋಗಿದೆ. ಬಹುಶಃ ಹೊಸ ರ‍್ಯಾಮ್ ಹಾಕಿಸುವುದಕ್ಕೂ ಮೊದಲೇ ನಿಮ್ಮದು 2400ಕ್ಕೆ ಇಳಿದಿತ್ತು. ರ‍್ಯಾಮ್ ಹಾಕಿಸಿದ ಮೇಲೆ ನೀವು ಮೊದಲ ಬಾರಿ ನೋಡಿದಿರಿ, ಅಷ್ಟೆ.

ಇದನ್ನು ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷದ ಹಿಂದೆ ಲಗ್ನಪತ್ರಿಕೆ ಮುದ್ರಿಸುವ ಪರಿಚಯದವರೊಬ್ಬರ ಕಂಪ್ಯೂಟರಿಗೆ ನಾನೇ ಎಕ್ಸ್‌ಎಂಪಿ ಆನ್ ಮಾಡಿಕೊಟ್ಟು ಬಂದಿದ್ದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಕೆಳಗಿಳಿದಿದೆ ಎಂದು ಫೋನ್ ಬಂತು. ಹೋಗಿ ಮತ್ತೆ ಆನ್ ಮಾಡಿದೆ, ಮತ್ತೆ ಇಳಿಯಿತು. ಮೂರನೆಯ ಸಲ ಹೋದಾಗ ಅವರ ಹುಡುಗ ಅಂಗಡಿ ಮುಚ್ಚುತ್ತಾ ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಟಕ್ ಎಂದು ಇಳಿಸಿದ. ಆಗ ಹೊಳೆಯಿತು. ಸೆಲ್ ತೆಗೆದು ಮಲ್ಟಿಮೀಟರ್ ಇಟ್ಟರೆ 3 ವೋಲ್ಟ್ ಇರಬೇಕಾದ ಕಡೆ ಎರಡೂವರೆಯೂ ಇರಲಿಲ್ಲ. ಅಂದಿನಿಂದ ರ‍್ಯಾಮ್ ನಿಧಾನ ಎಂದು ಯಾರೇ ಹೇಳಿದರೂ ನಾನು ಕೇಳುವ ಮೊದಲ ಪ್ರಶ್ನೆ, ಬೆಳಿಗ್ಗೆ ಗಡಿಯಾರ ಸರಿ ಇರುತ್ತಾ?

ಇನ್ನು ಕೆಲಸಕ್ಕೆ ಇಳಿಯೋಣ. ಯಾವುದಾದರೂ ಮದುವೆಯ ಕೆಲಸ ಅರ್ಧದಲ್ಲಿದ್ದರೆ ಅದನ್ನು ಮುಗಿಸಿ, ಫೈಲುಗಳನ್ನು ಬೇರೆ ಹಾರ್ಡ್ ಡಿಸ್ಕಿಗೆ ಹಾಕಿಕೊಂಡ ಮೇಲೆ ಶುರುಮಾಡಿ. ಇನ್ನೊಂದು ಮುಖ್ಯ ಎಚ್ಚರಿಕೆ: ವಿಂಡೋಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್, ಅಂದರೆ ಬಿಟ್‌ಲಾಕರ್, ಆನ್ ಇದೆಯೇ ನೋಡಿ. ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್ ಸೆಟ್ಟಿಂಗ್ ಬದಲಾದಾಗ ಕೆಲವೊಮ್ಮೆ ವಿಂಡೋಸ್ ಆ ಕೀ ಕೇಳಿ ಕೂತುಬಿಡುತ್ತದೆ. ಆಗ ಕೀ ಇಲ್ಲದಿದ್ದರೆ ರ‍್ಯಾಮಿನ ವೇಗಕ್ಕಿಂತ ಬಹಳ ದೊಡ್ಡ ಕಷ್ಟ ಎದುರಾಗುತ್ತದೆ.

ಮೊದಲು ಸೆಲ್ ಬದಲಿಸಿ. ವಾಚ್ ಅಂಗಡಿ, ಎಲೆಕ್ಟ್ರಿಕಲ್ ಅಂಗಡಿ, ಎಲ್ಲಿ ಬೇಕಾದರೂ ಸಿಗುತ್ತದೆ. ಒಂದು ಮಸಾಲೆದೋಸೆಯ ದುಡ್ಡೂ ಆಗುವುದಿಲ್ಲ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ, ಒಳಗೆ ಉಳಿದಿರುವ ಕರೆಂಟ್ ಇಳಿದುಹೋಗುತ್ತದೆ. ಕ್ಯಾಬಿನೆಟ್ಟಿನ ಬರಿಯ ಲೋಹವನ್ನೊಮ್ಮೆ ಮುಟ್ಟಿ, ನಿಮ್ಮ ಮೈಯ ಸ್ಥಾಯಿ ವಿದ್ಯುತ್ತು ಅಲ್ಲೇ ಹರಿದುಹೋಗಲಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದರಿಂದ ಸೆಲ್ ಕಣ್ಣಿಗೆ ನೇರ ಕಾಣುತ್ತದೆ. ಪಕ್ಕದ ಪುಟ್ಟ ಕೊಂಡಿಯನ್ನು ಉಗುರಿನಿಂದ ಸರಿಸಿದರೆ ಸೆಲ್ ಚಿಮ್ಮಿ ಮೇಲೇಳುತ್ತದೆ. ಬರಹ ಇರುವ ಪ್ಲಸ್ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿ.

ತೆರೆದಿದ್ದಾಗಲೇ ರ‍್ಯಾಮ್ ಯಾವ ಕ್ರಮದಲ್ಲಿ ಕೂತಿದೆ ನೋಡಿ. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಳೆಯ ಜೋಡಿ, ಒಂದನೆಯ ಮತ್ತು ಮೂರನೆಯದರಲ್ಲಿ ಹೊಸ ಜೋಡಿ ಇರಲಿ. ಹೀಗಿದ್ದರೆ ಎರಡು ಚಾನೆಲ್ಲಿಗೂ, ಅಂದರೆ ಪ್ರೊಸೆಸರಿನಿಂದ ರ‍್ಯಾಮಿಗಿರುವ ಎರಡು ದಾರಿಗೂ, ಒಂದೊಂದು ಹಳೆಯದು, ಒಂದೊಂದು ಹೊಸದು ಬಂದು ಸಮ ಆಗುತ್ತದೆ. ಸ್ಟಿಕ್ ತೆಗೆದಾಗ ಕೆಳಗಿನ ಚಿನ್ನದ ಬಣ್ಣದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ರಸ್ತೆ ಬದಿಯ ಮನೆಗಳಲ್ಲಿ ಅಲ್ಲಿ ಕಂದು ಪೊರೆಯಂಥ ಧೂಳು ಕೂತಿರುತ್ತದೆ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಗಸಗಸ ಉಜ್ಜುವ ರೂಢಿ ನಮ್ಮಲ್ಲಿ ಎಲ್ಲೆಡೆ ಇದೆ, ನನಗದು ಇಷ್ಟವಿಲ್ಲ. ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಬೀಳುತ್ತದೆ. ವಾಪಸ್ ಕೂರಿಸುವಾಗ ಸ್ಟಿಕ್ಕಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಬರಬೇಕು. ಎರಡೂ ತುದಿಯಲ್ಲಿ ಸಮನಾಗಿ ಒತ್ತಿ, ಕ್ಲಿಕ್ ಶಬ್ದ ಬರುವವರೆಗೆ. ಒಂದು ತುದಿ ಕೂದಲೆಳೆಯಷ್ಟು ಮೇಲಿದ್ದರೂ ತೊಂದರೆಯೇ.

ಈಗ ಬಯೋಸ್. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ. ಎಕ್ಸ್‌ಎಂಪಿ ಎಂಬ ಹೆಸರು ಇಂಟೆಲ್‌ನದಾದ್ದರಿಂದ ಎಎಂಡಿ ಬೋರ್ಡುಗಳಲ್ಲಿ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ: ಏಸಸ್ ಡಿಒಸಿಪಿ ಅನ್ನುತ್ತದೆ, ಎಂಎಸ್‌ಐ ಎ-ಎಕ್ಸ್‌ಎಂಪಿ ಅನ್ನುತ್ತದೆ, ಗಿಗಾಬೈಟ್‌ನಲ್ಲಿ ಎಕ್ಸ್‌ಟ್ರೀಮ್ ಮೆಮೊರಿ ಪ್ರೊಫೈಲ್, ಎಎಸ್‌ರಾಕ್‌ನಲ್ಲಿ ಲೋಡ್ ಎಕ್ಸ್‌ಎಂಪಿ ಸೆಟ್ಟಿಂಗ್. ನೀವು ಹುಡುಕಬೇಕಾದದ್ದು ಇವುಗಳಲ್ಲಿ ಒಂದು. ಮೊದಲು ನೇರವಾಗಿ ಅದನ್ನೇ ಆನ್ ಮಾಡಿ, ಎಫ್10 ಒತ್ತಿ ಉಳಿಸಿ. ಕಂಪ್ಯೂಟರ್ ಸಲೀಸಾಗಿ ಏಳಬಹುದು. ಏಳದಿದ್ದರೆ ಗಾಬರಿ ಬೇಡ. ಫ್ಯಾನು ತಿರುಗುತ್ತದೆ, ಪರದೆ ಕಪ್ಪಗಿರುತ್ತದೆ, ತಾನೇ ಆಫ್ ಆಗಿ ಆನ್ ಆಗುತ್ತದೆ. ಸಾಮಾನ್ಯವಾಗಿ ಮೂರ್ನಾಲ್ಕು ಸಲ ಹೀಗೆ ಪ್ರಯತ್ನಿಸಿ ಬೋರ್ಡು ಸೋಲೊಪ್ಪಿಕೊಂಡು ಹಳೆಯ ವೇಗಕ್ಕೇ ಮರಳುತ್ತದೆ. ಐದು ನಿಮಿಷ ಸುಮ್ಮನೆ ಕಾಯಿರಿ, ಮಧ್ಯೆ ಸ್ವಿಚ್ ಆರಿಸಬೇಡಿ. ಅಷ್ಟು ಕಾದರೂ ಏಳದಿದ್ದರೆ ಪ್ಲಗ್ ಕಿತ್ತು, ಸೆಲ್ಲನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಸೆಟ್ಟಿಂಗ್ ಅಳಿಸಿಹೋಗಿ ಮೊದಲಿನಂತಾಗುತ್ತದೆ.

ನಿಮ್ಮ ವಿಷಯದಲ್ಲಿ ಅದು ಏಳದೇ ಇರುವ ಸಾಧ್ಯತೆ ಸಾಕಷ್ಟಿದೆ. ಹಳೆಯ ಜೋಡಿಯ ಎಕ್ಸ್‌ಎಂಪಿ ಸಾಲನ್ನು ಬೋರ್ಡು ನಾಲ್ಕಕ್ಕೂ ಹೇರುತ್ತದೆ. 22 ಮಿಡಿತ ಕಾಯುವುದು ಅಭ್ಯಾಸವಿರುವ ಹೊಸ ಜೋಡಿಗೆ 16ರಲ್ಲೇ ಕೊಡು ಎಂದರೆ ಅದು ಎಲ್ಲಿಂದ ತರಬೇಕು? ಆಗ ಎಕ್ಸ್‌ಎಂಪಿ ಬಿಟ್ಟು ಕೈಯಾರೆ ಬರೆಯಿರಿ. ವೇಗ 3200, ಟೈಮಿಂಗ್ ಕ್ರಮವಾಗಿ 22, 22, 22, 52, ವೋಲ್ಟೇಜ್ 1.35. ಉಳಿದದ್ದೆಲ್ಲ ಆಟೋ. ವೋಲ್ಟೇಜ್ ಇದಕ್ಕಿಂತ ಮೇಲೆ ಒಯ್ಯಬೇಡಿ, ಅದರ ಅಗತ್ಯವೂ ಇಲ್ಲ.

ಟೈಮಿಂಗ್ 16 ಹೋಗಿ 22 ಆದರೆ ನಷ್ಟವಲ್ಲವೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಟೈಮಿಂಗನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಹೊತ್ತು ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ. 3200ಕ್ಕೆ 16 ಇದ್ದರೆ 10. ಅದೇ 3200ಕ್ಕೆ 22 ಆದರೆ 13.75. ಈಗ ನೀವಿರುವ 2400ಕ್ಕೆ ಮಾನಕದ ಟೈಮಿಂಗ್ 17 ಅಂದುಕೊಂಡರೆ 14ಕ್ಕೂ ಚೂರು ಮೇಲೆ. ಅಂದರೆ ಕಾಯುವ ಹೊತ್ತು ಈಗಿನದಕ್ಕಿಂತ ಹೆಚ್ಚಾಗುವುದಿಲ್ಲ, ಸಾಗುವ ಪ್ರಮಾಣ ಮಾತ್ರ ಪೂರ್ತಿ ವಾಪಸ್ ಬರುತ್ತದೆ. ಎರಡು ಚಾನೆಲ್ ಸೇರಿ 2400ರಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 38.4 ಗಿಗಾಬೈಟ್ ಸಾಗುತ್ತದೆ, 3200ರಲ್ಲಿ 51.2. ನಿಮ್ಮ 5600ಜಿಯಲ್ಲಿ ಗ್ರಾಫಿಕ್ಸ್ ಪ್ರೊಸೆಸರಿನ ಒಳಗೇ ಇದೆ, ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮಿನಿಂದ ಉಣ್ಣುತ್ತದೆ. ಜೊತೆಗೆ ರೈಜನ್‌ನ ಒಳರಸ್ತೆಯಾದ ಇನ್ಫಿನಿಟಿ ಫ್ಯಾಬ್ರಿಕ್ ಆಟೋದಲ್ಲಿದ್ದಾಗ ರ‍್ಯಾಮಿನ ಮಿಡಿತವನ್ನೇ ಅನುಸರಿಸುತ್ತದೆ: ರ‍್ಯಾಮ್ 1200 ಎಂದರೆ ಅದೂ 1200, ರ‍್ಯಾಮ್ 1600 ಎಂದರೆ ಅದೂ 1600. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವವರು ಅಷ್ಟಾಗಿ ಗಮನಿಸದ ವ್ಯತ್ಯಾಸ ನಿಮಗೆ ಟೈಮ್‌ಲೈನ್ ಎಳೆಯುವಾಗ, ಎಫೆಕ್ಟ್ ಹಾಕಿದ ದೃಶ್ಯ ಓಡಿಸುವಾಗ ಕಾಣಬೇಕು. ಎಕ್ಸ್‌ಪೋರ್ಟ್ ಅರ್ಧ ಹೊತ್ತಿಗೆ ಮುಗಿದುಬಿಡುತ್ತದೆ ಎಂದು ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಪ್ರೊಸೆಸರಿನ ಪಾಲು ದೊಡ್ಡದು.

ಕೈಯಾರೆ ಬರೆದ 3200ಕ್ಕೂ ಏಳದಿದ್ದರೆ? ಆಗ 2933 ಬರೆದು ನೋಡಿ. ನಾಲ್ಕು ಸ್ಲಾಟೂ ತುಂಬಿದಾಗ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ಗೆ ಹೊರೆ ಹೆಚ್ಚು. ಇದನ್ನು ಎಎಂಡಿಯೇ ಒಪ್ಪಿಕೊಳ್ಳುತ್ತದೆ. ರೈಜನ್ 3000 ಸರಣಿಗೆ ಅದು ಕೊಟ್ಟ ಅಧಿಕೃತ ವೇಗ ಎರಡು ಸ್ಟಿಕ್ಕಿಗೆ 3200, ಮೆಮೊರಿ ಚಿಪ್‌ಗಳ ಒಂದೇ ಗುಂಪಿರುವ ಸಿಂಗಲ್ ರ‍್ಯಾಂಕಿನ ನಾಲ್ಕಕ್ಕೆ 2933, ಎರಡು ಗುಂಪಿರುವ ಡ್ಯುಯಲ್ ರ‍್ಯಾಂಕಿನ ನಾಲ್ಕಕ್ಕೆ 2667. ಡಿಡಿಆರ್5 ಬಂದ ಮೇಲೆ ಈ ಅಂತರ ಇನ್ನೂ ದೊಡ್ಡದಾಯಿತು: ರೈಜನ್ 7000ಕ್ಕೆ ಎರಡು ಸ್ಟಿಕ್ಕಾದರೆ 5200, ನಾಲ್ಕಾದರೆ 3600. ನೀವು ಕೊಳ್ಳುವ ಮುಂಚೆ ಬರೆದಿದ್ದರೆ, ಹಳೆಯ ಜೋಡಿ ಮಾರಿ 16 ಜಿಬಿಯ ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಬರುವ ಜೋಡಿಯಾಗಿ ತನ್ನಿ ಎನ್ನುತ್ತಿದ್ದೆ. ಈಗ ತಂದಾಗಿದೆ, ಅದರಿಂದ ದೊಡ್ಡ ನಷ್ಟವೇನಿಲ್ಲ. 2933 ಮತ್ತು 3200ರ ನಡುವಿನ ವ್ಯತ್ಯಾಸ ಶೇಕಡ 8ರಷ್ಟು. ಎಡಿಟಿಂಗ್ ಮಾಡುವವರಿಗೆ 2933ರಲ್ಲಿ ಓಡುವ 32 ಜಿಬಿ, 3200ರಲ್ಲಿ ಓಡುವ 16 ಜಿಬಿಗಿಂತ ಎಷ್ಟೋ ಮೇಲು. ರ‍್ಯಾಮ್ ಸಾಲದೆ ವಿಂಡೋಸ್ ಎಸ್‌ಎಸ್‌ಡಿಯಿಂದ ಕಡ ತರಲು ಶುರುಮಾಡಿದರೆ ಅದರ ಮುಂದೆ ಈ ಮೆಗಾಹರ್ಟ್ಸ್ ಲೆಕ್ಕವೆಲ್ಲ ಚಿಲ್ಲರೆ. ಹೊಸ ಸ್ಟಿಕ್ಕುಗಳನ್ನು ತೆಗೆಯುವ ಯೋಚನೆ ಮಾಡಬೇಡಿ.

ಇದೇ ತೊಂದರೆ ಇರುವ ಬೇರೆಯವರಿಗೂ ಒಂದೆರಡು ಮಾತು. ಬಯೋಸ್ ಅಪ್‌ಡೇಟ್ ಮಾಡಿದರೂ ಎಕ್ಸ್‌ಎಂಪಿ ಆಫ್ ಆಗುತ್ತದೆ, ಮತ್ತೆ ಆನ್ ಮಾಡಬೇಕು. ಇಂಟೆಲ್‌ನ ಎಚ್310, ಎಚ್410, ಬಿ460ರಂಥ ಬೋರ್ಡುಗಳಲ್ಲಿ ರ‍್ಯಾಮನ್ನು ಪ್ರೊಸೆಸರಿನ ಅಧಿಕೃತ ಮಿತಿಗಿಂತ ಮೇಲೆ ಓಡಿಸಲು ಬರುವುದಿಲ್ಲ. 10ನೇ ತಲೆಮಾರಿನ ಐ5 ಇದ್ದರೆ 2666ಕ್ಕೆ ನಿಲ್ಲುತ್ತದೆ, ಎಷ್ಟು ದುಬಾರಿ ರ‍್ಯಾಮ್ ಹಾಕಿದರೂ ಅಷ್ಟೆ. ಅಂಥವರು ದುಡ್ಡು ಸುರಿಯಬೇಡಿ. ಆಫೀಸುಗಳಿಗೆ ಬರುವ ಸಿದ್ಧ ಕಂಪ್ಯೂಟರುಗಳಲ್ಲಿ ಎಕ್ಸ್‌ಎಂಪಿ ಮೆನುವೇ ಸಾಮಾನ್ಯವಾಗಿ ಇರುವುದಿಲ್ಲ, ಅವಕ್ಕೆ ಮಾನಕದ 1.2 ವೋಲ್ಟ್ ಮಾಲೇ ಸರಿ. ಡಿಡಿಆರ್5 ಇರುವ ಎಎಂಡಿ ಬೋರ್ಡಿನಲ್ಲಿ ಇದೇ ಕೆಲಸಕ್ಕೆ 2022ರಿಂದ ಎಕ್ಸ್‌ಪೋ ಎಂಬ ಹೆಸರಿದೆ. ಅದನ್ನು ಆನ್ ಮಾಡಿದ ಮೇಲಿನ ಮೊದಲ ಸಲ ಪರದೆ ಹಲವು ನಿಮಿಷ ಕಪ್ಪಗೇ ಇರಬಹುದು, ಬೋರ್ಡು ರ‍್ಯಾಮನ್ನು ಪಳಗಿಸುತ್ತಿರುತ್ತದೆ.

ಮತ್ತೆ ನಿಮ್ಮ ಮೇಜಿಗೆ ಬರೋಣ. ಟಾಸ್ಕ್ ಮ್ಯಾನೇಜರ್ 3200 ಅಥವಾ 2933 ತೋರಿಸಿತು ಎಂದರೆ ಕೆಲಸ ಮುಗಿದಿಲ್ಲ. ವಿಂಡೋಸ್ ತೆರೆದುಕೊಂಡಿತು ಎಂದಮಾತ್ರಕ್ಕೆ ರ‍್ಯಾಮ್ ನೆಟ್ಟಗಿದೆ ಎಂದಲ್ಲ. ಗಂಟೆಗೊಮ್ಮೆ ಒಂದು ಬಿಟ್ ತಪ್ಪಾಗುವ ರ‍್ಯಾಮಿನಲ್ಲೂ ಹಾಡು ಕೇಳಬಹುದು, ಬ್ರೌಸರ್ ಓಡಿಸಬಹುದು. ಆದರೆ ನೀವು ಕಾಪಿ ಮಾಡುವ ಪ್ರತಿ ಫೈಲೂ ಆ ರ‍್ಯಾಮಿನ ಮೂಲಕವೇ ಹಾದುಹೋಗುತ್ತದೆ. ಧಾರೆ ಎರೆಯುವ ಆ ಎರಡು ನಿಮಿಷದ ಕ್ಲಿಪ್ ಕೆಟ್ಟರೆ ಆ ಮನೆಯವರಿಗೆ ಮತ್ತೆ ಅದನ್ನು ತಂದುಕೊಡಲು ಯಾರಿಂದಲೂ ಆಗದು. ಇದು ವೇಗಕ್ಕಿಂತ ದೊಡ್ಡ ಮಾತು, ದಯವಿಟ್ಟು ಈ ಹಂತ ಬಿಡಬೇಡಿ.

ಮೆಮ್‌ಟೆಸ್ಟ್86 ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಒಂದು ಖಾಲಿ ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರುಮಾಡಿ. ವಿಂಡೋಸ್ ಇಲ್ಲದೆಯೇ ಅದು ರ‍್ಯಾಮಿನ ಒಂದೊಂದು ಮೂಲೆಯನ್ನೂ ಬರೆದು ಓದಿ ಪರೀಕ್ಷಿಸುತ್ತದೆ. 32 ಜಿಬಿಗೆ ನಾಲ್ಕು ಸುತ್ತು ಮುಗಿಯಲು ಹಲವು ಗಂಟೆ ಬೇಕು. ರಾತ್ರಿ ಹಾಕಿ ಮಲಗಿ. ಆ ಒಂದು ರಾತ್ರಿ ಸ್ವಿಚ್ ಮುಟ್ಟಬೇಡಿ ಎಂದು ಅಮ್ಮನಿಗೆ ಮೊದಲೇ ಹೇಳಿಡಿ. ಮಳೆ ಗುಡುಗಿನ ರಾತ್ರಿ ಬೇಡ, ಬೆಸ್ಕಾಂ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಮಿಕ್ಕ ದಿನಗಳಲ್ಲಿ ಅಮ್ಮ ಸ್ವಿಚ್ ಆರಿಸುವುದನ್ನು ತಡೆಯಬೇಡಿ. ಸಿಡಿಲಿನ ದಿನಗಳಲ್ಲಿ ಅದೇ ಸರಿಯಾದ ಕೆಲಸ. ಎರಡು ಮೂರು ವರ್ಷಕ್ಕೊಮ್ಮೆ ಸೆಲ್ ಬದಲಿಸಿಕೊಂಡರಾಯಿತು. ನೀವು ಬರೆದ ವೇಗ, ಟೈಮಿಂಗ್, ವೋಲ್ಟೇಜನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬಾಗಿಲಿಗೆ ಅಂಟಿಸಿಡಿ. ಮುಂದೆ ಎಫ್1 ಪರದೆ ಬಂದ ದಿನ ಅಣ್ಣನಿಗಾಗಿ ಕಾಯಬೇಕಾಗಿಲ್ಲ.

ಬೆಳಿಗ್ಗೆ ಮೆಮ್‌ಟೆಸ್ಟ್ ಪರದೆಯಲ್ಲಿ ದೋಷಗಳ ಸಂಖ್ಯೆ ಸೊನ್ನೆ ಇರಬೇಕು. ಒಂದೇ ಒಂದು ಇದ್ದರೂ ಪಾಸಲ್ಲ, 2933ಕ್ಕೋ 2666ಕ್ಕೋ ಇಳಿಸಿ ಮತ್ತೆ ಪರೀಕ್ಷಿಸಿ. ಇಳಿಸಿದರೂ ದೋಷ ಬರುತ್ತಿದ್ದರೆ ಹಳೆಯ ಜೋಡಿ ತೆಗೆದಿಟ್ಟು, ಹೊಸ ಜೋಡಿಯನ್ನು ಮಾತ್ರ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ, ಬಯೋಸ್‌ನಲ್ಲಿ ಎಲ್ಲವನ್ನೂ ಆಟೋಗೆ ಬಿಟ್ಟು ಮೆಮ್‌ಟೆಸ್ಟ್ ಓಡಿಸಿ. ತನ್ನದೇ ಮಾನಕದ ವೇಗದಲ್ಲಿ, ತಾನೊಂದೇ ಇದ್ದಾಗಲೂ ದೋಷ ತೋರಿಸಿದರೆ ಆಗ ಆ ಮಾಲು ಕೆಟ್ಟಿದೆ ಎಂದರ್ಥ. ಪರದೆಯ ಫೋಟೊ ತೆಗೆದುಕೊಳ್ಳಿ, ಬಿಲ್ಲು ಹಿಡಿದು ಅಂಗಡಿಗೆ ಹೋಗಿ, ವಾರಂಟಿಯಲ್ಲಿ ಬದಲಿಸಿಕೊಡಿ ಎಂದು ಕೇಳಿ.